ಅರವತ್ತು ತೂತಿನ ಡಿಸ್ಕು

ಗಣೇಶನ ಹಬ್ಬ ಕಳೆದು ಓಣಿಯ ಪೆಂಡಾಲುಗಳನ್ನು ಬಿಚ್ಚುವ ಹೊತ್ತಿಗೆ ನಮ್ಮ ವರ್ಕ್‌ಶಾಪಿಗೆ ಹುಡುಗರು ಬರತೊಡಗುತ್ತಾರೆ. ಮೆಕ್ಯಾನಿಕಲ್ ಕೊನೇ ವರ್ಷದವರು. ನಾಲ್ಕು ಜನ, ಎರಡು ಬೈಕು, ಒಬ್ಬನ ಬೆನ್ನಿಗೆ ಮಾತ್ರ ಬ್ಯಾಗು. ಬಾಗಿಲಲ್ಲಿ ನಿಂತು ಯಾರು ಮೊದಲು ಮಾತಾಡಬೇಕೆಂದು ಒಬ್ಬರನ್ನೊಬ್ಬರು ನೂಕಾಡಿಕೊಂಡು, ಕಡೆಗೆ ಬ್ಯಾಗಿನವನೇ ಮುಂದೆ ಬರುತ್ತಾನೆ. "ಅಣ್ಣಾ, ಫೈನಲ್ ಇಯರ್ ಪ್ರಾಜೆಕ್ಟ್ ಐತಿ. ಸ್ಪೋರ್ಟ್ಸ್ ಕಾರ್ ಮೇಲೆ ಏನರ ಮಾಡ್ಬೇಕು ಅಂತ." ಯಾವ ಕಾರು ಎಂದರೆ ನಾಲ್ವರೂ ಒಟ್ಟಿಗೆ ಮಾತಾಡುತ್ತಾರೆ: ಲ್ಯಾಂಬೊರ್ಗಿನಿ, ಬುಗಾಟಿ, ಸುಪ್ರಾ. ಅದರ ಮೇಲೆ ಏನು ಮಾಡ್ತೀರಿ ಎಂದರೆ ನಾಲ್ವರೂ ಸುಮ್ಮನಾಗುತ್ತಾರೆ.

ನಾನು ಓದಿದ್ದೂ ಇದೇ ದಾವಣಗೆರೆಯಲ್ಲಿ, ಇದೇ ಮೆಕ್ಯಾನಿಕಲ್ಲು. ಆಮೇಲೆ ಎರಡು ಲೇತು, ಒಂದು ಮಿಲ್ಲಿಂಗು, ಒಂದು ಪಿಲ್ಲರ್ ಡ್ರಿಲ್ಲು ಇಟ್ಟುಕೊಂಡು ಜಾಬ್ ವರ್ಕಿಗೆ ಕೂತೆ. ರೈಸ್ ಮಿಲ್ಲಿನ ಶಾಫ್ಟು, ಬೋರ್‌ವೆಲ್ ಪಂಪಿನ ಬುಷ್ಷು, ಟ್ರ್ಯಾಕ್ಟರಿನ ಪಿನ್ನು ಬಂದಂತೆಯೇ ವರ್ಷಕ್ಕೊಮ್ಮೆ ಈ ಪ್ರಾಜೆಕ್ಟುಗಳೂ ಬರುತ್ತವೆ. ಇವುಗಳಿಂದ ದುಡ್ಡು ಹುಟ್ಟುವುದಿಲ್ಲ, ತಲೆಬಿಸಿ ಹುಟ್ಟುತ್ತದೆ. ಆದರೂ ಬೇಡ ಅನ್ನಲು ಮನಸ್ಸಾಗದು. ಸ್ಪೋರ್ಟ್ಸ್ ಕಾರಿನ ಹುಚ್ಚನ್ನು ಗೇಲಿ ಮಾಡುವವರ ಪೈಕಿ ನಾನಿಲ್ಲ. ನಮ್ಮ ಪಿ.ಬಿ. ರಸ್ತೆಯಲ್ಲಿ ಅಂಥ ಕಾರು ಕಾಣುವುದೇ ಅಪರೂಪ. ಬೆಂಗಳೂರಿನಿಂದ ಗೋವಾ ಕಡೆಗೆ ಸಾಲಾಗಿ ಹೊರಟವು ಬೈಪಾಸಿನಲ್ಲಿ ಸದ್ದು ಮಾಡಿಕೊಂಡು ಹೋದರೆ ಹುಡುಗರು ಮೊಬೈಲ್ ಎತ್ತುವಷ್ಟರಲ್ಲಿ ಹರಿಹರ ದಾಟಿರುತ್ತವೆ. ಇಪ್ಪತ್ತೊಂದು ವಯಸ್ಸಿನಲ್ಲಿ ಅದರ ಮೇಲೆ ಆಸೆಯಾಗದಿದ್ದರೆ ಮೆಕ್ಯಾನಿಕಲ್ ಯಾಕೆ ತಗೋಬೇಕು? ನನ್ನನ್ನು ಕಾಡುವುದು ಬೇರೆ. ಇಷ್ಟು ಆಸೆಯಿಂದ ಹಿಡಿದ ವಸ್ತು ಎಂಟನೇ ಸೆಮ್ ವೈವಾದ ಹೊತ್ತಿಗೆ ಇವರ ಕೈಯಲ್ಲೇ ಸತ್ತುಹೋಗಿರುತ್ತದಲ್ಲ, ಅದು ಹೇಗೆ?

ಬಣ್ಣದ ಚಿತ್ರ

ಹತ್ತರಲ್ಲಿ ಏಳು ಬ್ಯಾಚು ಹಿಡಿಯುವ ದಾರಿ ಒಂದೇ. ಇಂಟರ್ನೆಟ್ಟಿನಿಂದ ಕಾರಿನ ತ್ರೀಡಿ ಮಾಡೆಲ್ ಇಳಿಸಿಕೊಳ್ಳುವುದು, ಸಾಫ್ಟ್‌ವೇರಿಗೆ ಹಾಕುವುದು, ಮೆಶ್ ಒತ್ತುವುದು, ಗಾಳಿ ಬಿಡುವುದು. ಕಾರಿನ ಮೂತಿ ಕೆಂಪಾಗಿ, ಚಾವಣಿ ನೀಲಿಯಾಗಿ, ಹಿಂದೆ ಹಸಿರು ಸುಳಿಗಳು ಎದ್ದ ಚಿತ್ರ ಬರುತ್ತದೆ. ಡ್ರ್ಯಾಗ್ ಕೊಎಫಿಶಿಯೆಂಟ್, ಅಂದರೆ ಆ ಆಕಾರಕ್ಕೆ ಗಾಳಿ ಒಡ್ಡುವ ತಡೆಯ ಅಂಕಿ, ಇಷ್ಟು; ಹಿಂದೆ ಸ್ಪಾಯ್ಲರ್ ಪಟ್ಟಿ ಹಾಕಿದ ಮೇಲೆ ಇಷ್ಟು. ಬಂಗಾರದ ಅಕ್ಷರದ ಬೈಂಡಿಂಗು. ಎಕ್ಸ್‌ಟರ್ನಲ್ ಆಗಿ ಹೊರಗಿನಿಂದ ಬಂದ ಪರೀಕ್ಷಕರು "ಈ 0.34 ಸರಿ ಅಂತ ನಿಮಗೆ ಹೇಗೆ ಗೊತ್ತು?" ಅಂದರೆ ಮುಗಿಯಿತು. ಸಾಫ್ಟ್‌ವೇರ್ ಹೇಳಿದೆ ಎನ್ನುವುದು ಬಿಟ್ಟರೆ ಇವರ ಬಳಿ ಬೇರೆ ಸಾಕ್ಷಿಯಿಲ್ಲ. ಆ ಕಾರನ್ನು ಇವರು ಮುಟ್ಟಿಲ್ಲ, ಆ ಮಾಡೆಲ್ ಯಾರು ಗೀಚಿದ್ದೋ ಗೊತ್ತಿಲ್ಲ, ಕಂಪನಿಯವರು ವಿಂಡ್ ಟನೆಲ್ಲಿನಲ್ಲಿ, ಅಂದರೆ ಗಾಳಿ ಹಾಯಿಸಿ ಅಳೆಯುವ ಸುರಂಗದಲ್ಲಿ, ತೆಗೆದ ಲೆಕ್ಕ ಇವರ ಕೈಗೆ ಸಿಗುವಂಥದ್ದಲ್ಲ.

ಸಾಫ್ಟ್‌ವೇರ್ ಕೆಲಸವೇ ಕೀಳು ಎಂದು ನಾನು ಹೇಳುತ್ತಿಲ್ಲ. ಅದೇ ಮಾಡುವುದಾದರೆ ಅಹ್ಮದ್ ಬಾಡಿ ತಗೊಳ್ಳಿ ಅನ್ನುತ್ತೇನೆ. 1984ರಲ್ಲಿ ಎಸ್. ಆರ್. ಅಹ್ಮದ್ ಮತ್ತು ಜೊತೆಗಾರರು ವಿಂಡ್ ಟನೆಲ್ಲಿನಲ್ಲಿಟ್ಟು ಅಳೆದ, 1044 ಮಿಲಿಮೀಟರ್ ಉದ್ದದ ಒಂದು ಸರಳ ಆಕೃತಿ ಅದು. ಅದರ ಹಿಂಭಾಗದ ಇಳಿಜಾರಿನ ಕೋನ ಹೆಚ್ಚಿಸುತ್ತ ಹೋದರೆ ಡ್ರ್ಯಾಗ್ ಮೊದಲು ತುಸು ಇಳಿದು, ಆಮೇಲೆ ಏರುತ್ತ ಹೋಗಿ, 30 ಡಿಗ್ರಿ ಆಸುಪಾಸಿನಲ್ಲಿ ತಟ್ಟನೆ ಬಿದ್ದುಬಿಡುತ್ತದೆ. ಆ ಬೀಳುವಿಕೆ ನಿಮ್ಮ ಸಾಫ್ಟ್‌ವೇರಿನಲ್ಲಿ ಬಂತೇ? ಬರದಿದ್ದರೆ ಯಾಕೆ ಬರಲಿಲ್ಲ? ಇದೊಂದೇ ಇಡೀ ವರ್ಷಕ್ಕೆ ಸಾಕಾಗುವ ಪ್ರಾಜೆಕ್ಟು, ಲೋಕವೆಲ್ಲ ಅಳೆದಿಟ್ಟ ಅಂಕಿ ಎದುರಿಗಿರುತ್ತದೆ. ಆದರೆ ಚಿತ್ರ ತೋರಿಸಿದ ಕೂಡಲೇ ಹುಡುಗರ ಮುಖ ಸಪ್ಪಗಾಗುತ್ತದೆ. ನೋಡಲು ಅದು ಒಂದು ಕೊನೆ ಸವೆದ ಸೋಪಿನಂತಿದೆ. ಸ್ಟೇಟಸ್ಸಿಗೆ ಹಾಕುವಂತಿಲ್ಲ.

ಒಂದು ವರ್ಷ ಒಬ್ಬ ಜಾಣ ಹುಡುಗ ಬಂದ. ತಮ್ಮನ ಆಟಿಕೆ, 1:18 ಅಳತೆಯ ಲೋಹದ ಕಾರು ಬ್ಯಾಗಿನಿಂದ ತೆಗೆದು ಟೇಬಲ್ಲಿನ ಮೇಲಿಟ್ಟ. "ಇದನ್ನೇ ಕಾಲೇಜಿನ ವಿಂಡ್ ಟನೆಲ್ಲಿಗೆ ಹಾಕಿ ಅಳೀತೀವಿ ಅಣ್ಣಾ." ಆಲೋಚನೆ ಚೆನ್ನಾಗಿತ್ತು. ಅಲ್ಲೇ ಒಂದು ಹಾಳೆಯಲ್ಲಿ ರೆನಾಲ್ಡ್ಸ್ ಸಂಖ್ಯೆ ಬರೆಯಲು ಹೇಳಿದೆ. ಚಿಕ್ಕ ಮಾದರಿಯ ಸುತ್ತ ಗಾಳಿ ದೊಡ್ಡದರ ಸುತ್ತ ಹರಿದಂತೆಯೇ ಹರಿಯಬೇಕಾದರೆ ಎರಡರಲ್ಲೂ ಒಂದೇ ಇರಬೇಕಾದ ಅಂಕಿ ಅದು. ಕಾರು ಹದಿನೆಂಟು ಪಟ್ಟು ಚಿಕ್ಕದಾದರೆ ಗಾಳಿ ಹದಿನೆಂಟು ಪಟ್ಟು ಜೋರಾಗಬೇಕು. ನಿಜವಾದ ಕಾರು ಗಂಟೆಗೆ 100 ಕಿಲೋಮೀಟರ್ ಹೋದಾಗಿನ ಸ್ಥಿತಿ ಆಟಿಕೆಗೆ ಬರಬೇಕಾದರೆ 1800 ಕಿಲೋಮೀಟರ್ ವೇಗದ ಗಾಳಿ ಬೇಕು. ಶಬ್ದದ ವೇಗವೇ ಸುಮಾರು 1235. ಹುಡುಗ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಕಾರನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡ. ಇದನ್ನು ಅವರು ಐದನೇ ಸೆಮ್ಮಿಗೆಲ್ಲ ಓದಿ, ಬರೆದು, ಪಾಸಾಗಿ ಬಂದಿರುತ್ತಾರೆ. ಆಟಿಕೆ ಕೈಲಿ ಹಿಡಿದಾಗ ಆ ಪಾಠ ನೆನಪಾಗುವುದಿಲ್ಲ ಅಷ್ಟೆ. (ಈ ಹುಡುಗ ಮುಂದೆ ಬೇರೆ ಪ್ರಾಜೆಕ್ಟ್ ಮಾಡಿ ಈಗ ಪುಣೆಯಲ್ಲಿದ್ದಾನೆ. ಊರಿಗೆ ಬಂದಾಗೆಲ್ಲ ಬೆಣ್ಣೆ ದೋಸೆಗೆ ಕರೆಯುತ್ತಾನೆ, ಬಿಲ್ಲು ಕೊಡಲು ನನಗೆ ಬಿಡುವುದಿಲ್ಲ.)

ಮಾರುತಿಗೆ ಸ್ಪಾಯ್ಲರ್

ಸ್ಪಾಯ್ಲರಿನ ಮೋಹ ಸುಮ್ಮನೆ ಬಂದದ್ದಲ್ಲ. ಆಡಿ ಕಂಪನಿಯ ಮೊದಲ ಟಿಟಿ 1998ರಲ್ಲಿ ಬಂದಾಗ ಅದರ ಹಿಂಭಾಗ ನುಣ್ಣಗೆ, ದುಂಡಗೆ, ಏನೂ ಅಂಟಿಸದೆ ಇತ್ತು. ಜರ್ಮನಿಯ ಹೈವೇಗಳಲ್ಲಿ ಭಾರಿ ವೇಗದಲ್ಲಿ ಹಿಡಿತ ತಪ್ಪಿ ಅಪಘಾತಗಳಾದ ಮೇಲೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಸಸ್ಪೆನ್ಶನ್ ಬದಲಿಸಿ, ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಹಾಕಿ, ಡಿಕ್ಕಿಯ ಅಂಚಿಗೆ ಚಿಕ್ಕದೊಂದು ಸ್ಪಾಯ್ಲರ್ ಕೂರಿಸಿತು. ದುಂಡು ಬೆನ್ನಿನ ಮೇಲೆ ಹರಿದ ಗಾಳಿ ಹಿಂದಿನ ಗಾಲಿಗಳ ಭಾರವನ್ನು ಎತ್ತಿಬಿಡುತ್ತಿತ್ತು. ಇಂಥ ಕತೆ ಓದಿದ ಹುಡುಗರಿಗೆ ಮಾರುತಿಗೊಂದು ಫೈಬರ್ ಸ್ಪಾಯ್ಲರ್ ಹಾಕಿ ಪರೀಕ್ಷೆ ಮಾಡೋಣ ಅನ್ನಿಸುವುದು ಸಹಜ. ಪರೀಕ್ಷೆಗೆ ಪುಸ್ತಕದಲ್ಲಿ ದಾರಿಯೂ ಇದೆ: ಕಾರನ್ನು ಒಂದು ವೇಗಕ್ಕೆ ಒಯ್ದು, ನ್ಯೂಟ್ರಲ್ಲಿಗೆ ಹಾಕಿ, ತಾನಾಗಿ ನಿಧಾನವಾಗುವುದನ್ನು ಅಳೆಯುವುದು. ಜಾಗಕ್ಕೇನೂ ಬರವಿಲ್ಲ. ಊರ ಸುತ್ತ ರಸ್ತೆ, ಚರಂಡಿ, ದೀಪದ ಕಂಬ ಎಲ್ಲ ಆಗಿ ಮನೆ ಮಾತ್ರ ಏಳದ ಲೇಔಟುಗಳು ಎಷ್ಟು ಬೇಕಾದರೂ ಇವೆ.

ಆದರೆ ಆ ರಸ್ತೆಗಳಲ್ಲಿ 60 ಕಿಲೋಮೀಟರ್ ದಾಟುವಂತಿಲ್ಲ, ದಾಟಬಾರದು. 60ರಲ್ಲಿ ಸಣ್ಣ ಕಾರಿನ ಮೇಲೆ ಗಾಳಿಯ ತಡೆ ಸುಮಾರು 110 ನ್ಯೂಟನ್, ಟೈರಿನ ಉರುಳುವ ತಡೆ 80ರ ಹತ್ತಿರ. ಸ್ಪಾಯ್ಲರಿನಿಂದ ಗಾಳಿಯ ತಡೆ ನೂರಕ್ಕೆ ಐದರಷ್ಟು ಬದಲಾಯಿತು ಅಂತಿಟ್ಟುಕೊಳ್ಳಿ. ಐದೂವರೆ ನ್ಯೂಟನ್ ಆಯಿತು. ರಸ್ತೆ ಸಾವಿರ ಅಡಿಗೆ ಒಂದು ಅಡಿ ಇಳಿಜಾರಿದ್ದರೂ 700 ಕಿಲೋ ಕಾರಿಗೆ ಏಳು ನ್ಯೂಟನ್ ಸಿಗುತ್ತದೆ. ಮಳೆನೀರು ಹರಿಯಲೆಂದು ಲೇಔಟಿನವನು ಕೊಟ್ಟ ವಾಟದಲ್ಲಿ ಸ್ಪಾಯ್ಲರ್ ಮುಚ್ಚಿಹೋಗುತ್ತದೆ. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಬೇಕು, ಗಾಳಿ ನಿಂತ ಬೆಳಗಿನ ಜಾವ ಹೋಗಬೇಕು, ಟೈರಿನ ಗಾಳಿ ಪ್ರತಿ ಸಲ ನೋಡಬೇಕು. ಹಟದವರು ಮಾಡಬಹುದು. ನಾನು ಕಂಡ ಬ್ಯಾಚುಗಳು ಇಷ್ಟು ಕೇಳಿದ ಮೇಲೆ "ಮನೇಲಿ ಕೇಳ್ಕಂಡು ಬರ್ತೀವಿ ಅಣ್ಣಾ" ಎಂದು ಹೋಗಿವೆ. ಕಾರು ಅವರಪ್ಪನದು, ನ್ಯಾಯವೇ.

ಇನ್ನು ಸುಪ್ರಾ ಎಸ್‌ಎಇ ಇಂಡಿಯಾದಂಥ ಸ್ಪರ್ಧೆಗೆ ತಾವೇ ರೇಸ್ ಕಾರು ಕಟ್ಟುವ ಹುಡುಗರಿದ್ದಾರೆ. ಅದರ ಲೋಕವೇ ಬೇರೆ. ಇಂಜಿನ್ನಿನ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ಕಿಂಡಿಯಿಂದಲೇ ಹೋಗಬೇಕೆಂಬ ನಿಯಮ, ಇಪ್ಪತ್ತೈದು ಮೂವತ್ತು ಜನರ ತಂಡ, ಲಕ್ಷಗಳ ಲೆಕ್ಕ. ಅದು ನಾಲ್ಕು ಜನ ಎರಡು ಬೈಕಿನ ಮಾತಲ್ಲ. ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಪ್ರಾಜೆಕ್ಟ್ ಕಟ್ಟಿಕೊಡುವ ಅಂಗಡಿಗಳ ಬಗ್ಗೆ ಎಲ್ಲರಿಗೂ ಗೊತ್ತು. ಅದಕ್ಕಾಗಿ ಒಂದು ಪ್ಯಾರಾ ಖರ್ಚು ಮಾಡಲಾರೆ.

ಏಳು ಲೀಟರ್ ನೀರು

ಹೋದ ಸಲದ ಬ್ಯಾಚಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಚಿತ್ರದುರ್ಗದ ಕಡೆಯವಳು. ಮೂವರು ಹುಡುಗರು ಬುಗಾಟಿಯ ಕುದುರೆಶಕ್ತಿ ಎಣಿಸುತ್ತಿದ್ದಾಗ ಅವಳು ಕೇಳಿದಳು, "ಅಷ್ಟು ಜೋರು ಹೋಗೋದು ನಿಲ್ಲೋದು ಹೆಂಗೆ ಸರ್?" ನಾನು ಕೂತಲ್ಲೇ ನೆಟ್ಟಗಾದೆ. 1400 ಕಿಲೋ ಕಾರು ಗಂಟೆಗೆ 200 ಕಿಲೋಮೀಟರಿನಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 21.6 ಲಕ್ಷ ಜೌಲ್. ಅದನ್ನು ಶಾಖವಾಗಿಸಿದರೆ ಏಳು ಲೀಟರಿನಷ್ಟು ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಬ್ರೇಕ್ ಒತ್ತಿದ ಕೆಲವೇ ಸೆಕೆಂಡಿನಲ್ಲಿ ಅಷ್ಟೂ ಶಾಖ ಗಾಲಿಯೊಂದಿಗೆ ತಿರುಗುವ ನಾಲ್ಕು ಬ್ರೇಕ್ ಡಿಸ್ಕಿಗೆ ಇಳಿಯಬೇಕು, ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡಕ್ಕೆ. ಒಂಬತ್ತು ಕಿಲೋ ಬೀಡಿನ ಡಿಸ್ಕು ಅಷ್ಟರಲ್ಲಿ ಮೂರನೇ ಒಂದು ಪಾಲು ಹೊತ್ತರೆ ಒಂದೇ ಏಟಿಗೆ 170 ಡಿಗ್ರಿ ಮೇಲೇರುತ್ತದೆ. ತಣ್ಣಗಾಗುವ ಮೊದಲೇ ಮುಂದಿನ ತಿರುವು.

ಈ ಶಾಖದ ಕತೆಯೇ ಸ್ಪೋರ್ಟ್ಸ್ ಕಾರಿನ ಅರ್ಧ ಕತೆ. ನಮ್ಮೂರ ಬಿಡಿಟಿ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ. ಅದಾಗಿ ಎರಡು ವರ್ಷಕ್ಕೆ ಜಾಗ್ವಾರ್ ಸಿ-ಟೈಪ್ ಕಾರು ಡಿಸ್ಕ್ ಬ್ರೇಕ್ ಹಾಕಿಕೊಂಡು ಲೆ ಮಾನ್‌ನ 24 ಗಂಟೆಯ ರೇಸು ಗೆದ್ದಿತು. ಡ್ರಮ್ ಬ್ರೇಕಿನವರು ಕಾದ ಡ್ರಮ್ಮಿಗೆ ಹೆದರಿ ತಿರುವಿಗೆ ಬಹಳ ಮುಂಚೆಯೇ ಕಾಲಿಡಬೇಕಿತ್ತು, ಜಾಗ್ವಾರಿನವರು ತಡವಾಗಿ ಒತ್ತಬಹುದಿತ್ತು. ಇಂಜಿನ್ ದೊಡ್ಡದು ಮಾಡಿ ಗೆಲ್ಲುವ ಬದಲು ಬ್ರೇಕಿನಲ್ಲಿ ಗೆದ್ದ ಕಾರು ಅದು. ಇಷ್ಟು ಹೇಳುವಷ್ಟರಲ್ಲಿ ಹುಡುಗರಲ್ಲೊಬ್ಬ ಮೊಬೈಲಿನಲ್ಲಿ ಸ್ಪೋರ್ಟ್ಸ್ ಕಾರಿನ ಡಿಸ್ಕ್ ತೆಗೆದು ತೋರಿಸಿದ. ತುಂಬ ತೂತುಗಳು. "ಈ ತೂತು ಕೂಲಿಂಗಿಗೆ ಅಲ್ವಾ ಅಣ್ಣಾ?" ಎಲ್ಲರೂ ಹಾಗೇ ಹೇಳುತ್ತಾರೆ. ನಿಜವಾ? "ನೋಡೋಣ ಅಂದ್ರೆ ನೋಡಬಹುದು," ಅಂದೆ. ಅಲ್ಲಿಗೆ ಅವರ ಪ್ರಾಜೆಕ್ಟು ಸಿಕ್ಕಿತು. ಕಾರಿಲ್ಲ, ಕಾರಿನ ಗಾಲಿಯೂ ಇಲ್ಲ. ಆದರೆ ಹೌದು ಅಥವಾ ಇಲ್ಲ ಎಂದು ಉತ್ತರ ಬರುವಂಥ ಒಂದು ಪ್ರಶ್ನೆ ಇತ್ತು, ಮತ್ತು ಆ ಉತ್ತರ ಇವರ ಆಸೆಗೆ ವಿರುದ್ಧವಾಗಿಯೂ ಬರಬಹುದಿತ್ತು.

ಹರಿಹರದ ಲೇತು

ನನ್ನ ಎರಡು ಲೇತಿನಲ್ಲಿ ಹಳೆಯದು ಹರಿಹರದ್ದು. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಅಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಕಳಿಸುತ್ತಿತ್ತು. ಈಗ ಕಾರ್ಖಾನೆಯಿಲ್ಲ, ಲೇತುಗಳು ಮಾತ್ರ ಊರೂರ ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ. ನಮ್ಮ ಟರ್ನರ್ ಮೇಸ್ತ್ರಿ ಅದೇ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು. ಹುಡುಗರು ಬೈಕಿನ ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತುವ ಭಾಗ) ಹಿಡಿದು ಬಂದು ಲೇತಿನಲ್ಲಿ ತಿರುಗುವ ಡಿಸ್ಕಿಗೆ ಬ್ರೇಕ್ ಹಾಕುತ್ತೇವೆ ಅಂದಾಗ ಅವರಿಗೆ ಕೆರಳಿತು. "ಲೇತ್ ಇರೋದು ಕೆಲ್ಸಕ್ಕೆ. ಓಡೋ ಲೇತಿಗೆ ಬ್ರೇಕ್ ಹಾಕ್ತಾರಂತೆ! ಬೆಲ್ಟ್ ಸುಟ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಹುಡುಗಿ ಮೆಲ್ಲಗೆ, "ಕೊಡಲ್ಲ ಕಾಕಾ," ಅಂದಳು. ಮೇಸ್ತ್ರಿ ಆ ಕಡೆ ತಿರುಗಿ ನಕ್ಕಿದ್ದು ನನಗೆ ಮಾತ್ರ ಕಂಡಿತು. ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ತರಿಸಿ ಕೂತಾಗ ಅವರೇ ಕಾಗದದ ಮೇಲೆ ಗೀಚಿದರು. ಡಿಸ್ಕನ್ನು ಚಕ್ಕಿಗೇ ಕಚ್ಚಿಸಬಾರದು, ಫ್ಲಾಂಜಿರುವ ಮ್ಯಾಂಡ್ರಲ್, ಅಂದರೆ ಡಿಸ್ಕು ಕೂರಿಸುವ ದಂಡ, ಮಾಡಿ ಬೋಲ್ಟ್ ಹಾಕಬೇಕು, ಇನ್ನೊಂದು ತುದಿಗೆ ಟೇಲ್‌ಸ್ಟಾಕಿನಿಂದ ಸೆಂಟರ್ ಕೊಡಬೇಕು, ಕ್ಯಾಲಿಪರ್ ಟೂಲ್‌ಪೋಸ್ಟಿಗೆ. ಬ್ರೇಕ್ ಲಿವರನ್ನು ಕೈಯಲ್ಲಿ ಹಿಡಿದರೆ ಪ್ರತಿ ಸಲ ಒತ್ತಡ ಬೇರೆಯಾಗುತ್ತದೆ, ಅದಕ್ಕೆ ತುದಿಗೊಂದು ತಕ್ಕಡಿಯ ಬಟ್ಟು ನೇತುಹಾಕಿ. ಎದುರಿಗೆ ತಗಡಿನ ಗಾರ್ಡ್ ಇಲ್ಲದೆ ಸ್ವಿಚ್ ಮುಟ್ಟಬಾರದು. ಲೇತಿನಲ್ಲಿ 520 ಸುತ್ತು ಇಟ್ಟರೆ ಬೈಕು 60ರಲ್ಲಿ ಹೋದಾಗ ಗಾಲಿ ತಿರುಗುವಷ್ಟೇ ಆಗುತ್ತದೆ. ಆ ಲೆಕ್ಕ ಹುಡುಗರು ಮಾಡಿದರು.

ಡಿಸ್ಕು ಅಂಗಡಿಯಿಂದ ತಂದರೆ ತೂತಿಲ್ಲದ ಜೋಡಿ ಸಿಗುವುದಿಲ್ಲ. ಒಂದೇ 4 ಮಿಲಿಮೀಟರ್ ಎಂಎಸ್ (ಮೃದು ಉಕ್ಕಿನ) ಪ್ಲೇಟಿನಿಂದ 240 ಮಿಲಿಮೀಟರಿನ ಎರಡು ಡಿಸ್ಕ್ ಕತ್ತರಿಸಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದಕ್ಕೆ 8 ಮಿಲಿಮೀಟರಿನ ಅರವತ್ತು ತೂತು. ಮಾರ್ಕಿಂಗು, ಪಂಚು, ಡ್ರಿಲ್ಲು ಎಲ್ಲ ಅವರೇ. ಡ್ರಿಲ್ ಬಿಟ್ಟಿಗೆ ಕೂಲೆಂಟ್ ಬಿಡುವುದು ಮರೆತರೆ ಏನಾಗುತ್ತದೆಂದು ಲ್ಯಾಬಿನಲ್ಲಿ ಕಲಿಯದ್ದು ಇಲ್ಲಿ ಬಿಟ್ ನೀಲಿಗಟ್ಟಿದಾಗ ಕಲಿತರು. ತೂತು ಕೊರೆಯುವ ಬೇಸರದ ನಡುವೆಯೇ ಹುಡುಗಿಗೆ ಒಂದು ವಿಚಾರ ಹೊಳೆದದ್ದು. ಒಂದು ತೂತು ಕೊರೆದರೆ ಡಿಸ್ಕಿನ ಎರಡು ಮುಖದಿಂದಲೂ ಒಂದೊಂದು ವೃತ್ತದಷ್ಟು ಮೈ ಹೋಗುತ್ತದೆ, ತೂತಿನ ಒಳಗೋಡೆ ಹೊಸ ಮೈಯಾಗಿ ಸೇರುತ್ತದೆ. ವ್ಯಾಸವು ದಪ್ಪದ ಎರಡರಷ್ಟಿದ್ದರೆ ಹೋದದ್ದೂ ಬಂದದ್ದೂ ಸರಿಸಮ. 4 ಮಿಲಿಮೀಟರ್ ಪ್ಲೇಟು, 8 ಮಿಲಿಮೀಟರ್ ತೂತು! ಅರವತ್ತು ತೂತು ಕೊರೆದು ಗಾಳಿಗೆ ತೆರೆದ ಮೈ ಒಂದಿಷ್ಟೂ ಹೆಚ್ಚಿಸಿರಲಿಲ್ಲ, ಬದಲಿಗೆ ಸುಮಾರು 95 ಗ್ರಾಂ ಲೋಹ ಕಳೆದುಕೊಂಡಿದ್ದರು, ಅಂದರೆ ನೂರಕ್ಕೆ ಏಳು. ಲೋಹ ಕಡಿಮೆಯಾದರೆ ಅದೇ ಶಾಖಕ್ಕೆ ಡಿಸ್ಕು ಹೆಚ್ಚು ಕಾಯುತ್ತದೆ. ಹುಡುಗರಿಗೆ ಸಿಟ್ಟು ಬಂತು. ತೂತುಗಳು ಗಾಳಿಯನ್ನು ಕಲಕಿ ತಂಪು ಮಾಡಬಹುದಲ್ಲ ಎಂದು ವಾದಿಸಿದರು. ಮಾಡಬಹುದು, ಅದಕ್ಕೇ ತಾನೆ ಲೇತಿಗೆ ಹಾಕುವುದು.

ಮೊದಲ ದಿನದ ಅಂಕಿಗಳೆಲ್ಲ ಕಸ. ಇನ್‌ಫ್ರಾರೆಡ್ ಗನ್ನು ಹೊಳೆಯುವ ಉಕ್ಕಿನ ಮೇಲೆ 55 ತೋರಿಸುತ್ತಿತ್ತು, ಮೇಸ್ತ್ರಿ ಒಂದು ಹನಿ ನೀರು ಬಿಟ್ಟರೆ ಚುಯ್ ಎಂದು ಹಾರಿಹೋಗುತ್ತಿತ್ತು. ಹೊಳೆಯುವ ಲೋಹ ತನ್ನ ಶಾಖವನ್ನು ಕಡಿಮೆ ಸೂಸುತ್ತದೆ, ಗನ್ನು ಮೋಸ ಹೋಗುತ್ತದೆ. ಪ್ಯಾಡು ತಾಗದ ಅಂಚಿಗೆ ಸೈಲೆನ್ಸರಿಗೆ ಹೊಡೆಯುವ ಮ್ಯಾಟ್ ಕಪ್ಪು ಬಣ್ಣ ಬಳಿದ ಮೇಲೆ ಅದೇ ಗನ್ನು 110 ಅಂದಿತು. ಈ ಒಂದು ಸಂಗತಿಗೆ ರಿಪೋರ್ಟಿನಲ್ಲಿ ಅವರು ಒಂದು ಇಡೀ ಅಧ್ಯಾಯ ಕೊಟ್ಟರು, ಕೊಡಬೇಕಾದದ್ದೇ. ಮುಂದಿನ ದಿನಗಳಲ್ಲಿ ಮತ್ತೆ ಮತ್ತೆ ತಿರುಗಿಸಿ ಬಂದ ಫಲಿತಾಂಶ ಹೀಗಿತ್ತು: ಒಂದು ನಿಮಿಷದ ಬ್ರೇಕಿಗೆ ತೂತಿನ ಡಿಸ್ಕು ಸಾದಾ ಡಿಸ್ಕಿಗಿಂತ ಐದಾರು ಡಿಗ್ರಿ ಹೆಚ್ಚೇ ಕಾಯುತ್ತಿತ್ತು, ಬ್ರೇಕ್ ಬಿಟ್ಟ ಮೇಲೆ ತುಸು ಬೇಗ ಆರುತ್ತಿತ್ತು. ಎರಡೂ ಆ ಕಳೆದುಹೋದ 95 ಗ್ರಾಮಿನಿಂದಲೇ ವಿವರಿಸಬಹುದಾದಷ್ಟು. ಗಾಳಿ ಕಲಕುವ ಲಾಭ ಇದ್ದರೂ ಗನ್ನಿಗೆ ಕಾಣುವಷ್ಟಿರಲಿಲ್ಲ.

ಹಾಗಾದರೆ ದುಬಾರಿ ಕಾರಿನವರು ಯಾಕೆ ಕೊರೆಯುತ್ತಾರೆ? ಹಳೇ ಪ್ಯಾಡುಗಳು ಕಾದಾಗ ಬಿಡುತ್ತಿದ್ದ ಅನಿಲಕ್ಕೆ, ಮಳೆಯಲ್ಲಿ ಕೂರುವ ನೀರಿನ ಪೊರೆಗೆ ದಾರಿ ಬೇಕಿತ್ತು. ಗಾಲಿಯ ತೂಕವೂ ಒಂದಿಷ್ಟು ಇಳಿಯುತ್ತದೆ. ಚೆಲುವೂ ಒಂದು ಕಾರಣ, ಅದರಲ್ಲೇನು ನಾಚಿಕೆ? ಬಿರುಕು ಏಳುವುದು ತೂತಿನ ಅಂಚಿನಿಂದಲೇ ಆದ್ದರಿಂದ ರೇಸಿನವರು ತೂತು ಬಿಟ್ಟು ಗೀರು ಹಾಕಿದ ಡಿಸ್ಕಿಗೆ ಹೋಗುವುದೇ ಹೆಚ್ಚು. ತಂಪಿನ ನಿಜವಾದ ಕೆಲಸ ಎರಡು ಪದರದ ನಡುವೆ ಗಾಳಿ ಎಳೆಯುವ ವೆಂಟಿಲೇಟೆಡ್ ಡಿಸ್ಕಿನದು, ಅದು ನಮ್ಮ ಸಾಮಾನ್ಯ ಕಾರುಗಳ ಮುಂದಿನ ಗಾಲಿಯಲ್ಲೂ ಇದೆ.

ವೈವಾ ದಿನ ಎಕ್ಸ್‌ಟರ್ನಲ್ ಹಿಡಿದದ್ದು ಒಂದೇ ಎಳೆ. ಡಿಸ್ಕಿಗೆ ಹೋದ ಶಾಖವನ್ನು ಹುಡುಗರು ಮೋಟರಿನ ಕರೆಂಟಿಗೆ ಕ್ಲಾಂಪ್ ಮೀಟರ್ ಹಾಕಿ ಲೆಕ್ಕ ಹಿಡಿದಿದ್ದರು. "ಲೋಡ್ ಬದಲಾದಂಗೆ ಪವರ್ ಫ್ಯಾಕ್ಟರೂ ಬದಲಾಗ್ತದಲ್ಲಮ್ಮ, ಬರೀ ಕರೆಂಟ್ ನೋಡಿದ್ರೆ ಹೆಂಗೆ?" ಅಂದರಂತೆ. ಪವರ್ ಫ್ಯಾಕ್ಟರ್ ಅಂದರೆ ಕರೆಂಟಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು. ಹುಡುಗಿ ಹೇಳಿದಳಂತೆ, ಎರಡು ಡಿಸ್ಕಿಗೂ ಒಂದೇ ಕರೆಂಟು ಬರುವುದನ್ನು ನೋಡಿಕೊಂಡಿದ್ದೇವೆ, ಹೋಲಿಕೆಗೆ ಅಷ್ಟು ಸಾಕಾಯಿತು, ವಾಟ್ ಲೆಕ್ಕವನ್ನು ಮಾತ್ರ ನಂಬಬೇಡಿ ಸರ್. ಅವರು ನಕ್ಕು, ಕ್ಯಾಲಿಪರನ್ನು ಬಿಗಿಯಾಗಿ ಕಟ್ಟುವ ಬದಲು ತೂಗುವ ತೋಳಿಗೆ ಕೂರಿಸಿ ಸ್ಪ್ರಿಂಗ್ ಬ್ಯಾಲೆನ್ಸ್ ಹಾಕಿದ್ದರೆ ಎಳೆತ ನೇರವಾಗಿ ಸಿಗುತ್ತಿತ್ತಲ್ಲ, ಲ್ಯಾಬಿನ ರೋಪ್ ಬ್ರೇಕಿನಲ್ಲಿ ಮಾಡಿಲ್ಲವೇ ಅಂದರಂತೆ. ಅರ್ಧ ಗಂಟೆ ಅದೇ ಮಾತು. ಬುಗಾಟಿಯ ಹೆಸರು ಯಾರೂ ಎತ್ತಲಿಲ್ಲ.

ಹುಡುಗರು ಸ್ವೀಟ್ ಬಾಕ್ಸ್ ಹಿಡಿದು ಬಂದು ಇದನ್ನೆಲ್ಲ ಹೇಳುವಾಗ ಮೇಸ್ತ್ರಿ ಕಿವಿಗೊಟ್ಟಿದ್ದರು. ಸ್ವೀಟ್ ಬಾಯಿಗೆ ಹಾಕಿಕೊಂಡು, ತೋಳಿಗೆ ಎರಡು ಬೇರಿಂಗ್ ಸಾಕು, 6202 ಮನೇಲೇ ಬಿದ್ದಾವೆ ಅಂದರು. ವೆಂಟಿಲೇಟೆಡ್ ಡಿಸ್ಕಿನ ಆಸೆ ನನಗೂ ಇದೆ. ಆದರೆ ಕಾರಿನ ಡಿಸ್ಕನ್ನು ಆ ಮಟ್ಟಕ್ಕೆ ಕಾಯಿಸಲು ನಮ್ಮ ಮೂರು ಎಚ್‌ಪಿ ಮೋಟರಿಗೆ ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅರ್ಧ ಶಾಖ ಗಾಳಿಗೇ ಹೋಗಿರುತ್ತದೆ. ಮೊದಲೇ ಬೇರೆ ಒಲೆಯಲ್ಲಿ ಕಾಯಿಸಿ ತಂದು, ಲೇತಿನಲ್ಲಿ ಬರೀ ತಿರುಗಿಸಿ ಆರುವುದನ್ನಷ್ಟೇ ಅಳೆದರೆ ಆಗುತ್ತದೆಯೇ ಎಂದು ಕೇಳಿದೆ. ಮೇಸ್ತ್ರಿ, "ಕಾದ ಡಿಸ್ಕ್ ಮ್ಯಾಂಡ್ರಲ್ಲಿಗೆ ಏರಿಸೋರು ಯಾರು, ನೀವಾ?" ಅಂದರು.